ಎರಡನೆಯ ಗುರುತು

ಆಗ್ನೇಯ ದಿಕ್ಕಿನ ಓತಾನ್ ಗಾಳಿ ಶುರುವಾದರೆ ಮೂರು ದಿನ ಬೀಸುತ್ತದೆ, ಮೂರಕ್ಕೆ ನಿಲ್ಲದಿದ್ದರೆ ಆರು, ಆರಕ್ಕೂ ನಿಲ್ಲದಿದ್ದರೆ ಒಂಬತ್ತು ಎಂದು ದಕ್ಷಿಣ ಫ್ರಾನ್ಸಿನ ನಮ್ಮೂರಿನವರ ಲೆಕ್ಕ. ಆ ಜೂನ್ ತಿಂಗಳಲ್ಲಿ ಅದು ಐದನೆಯ ದಿನಕ್ಕೆ ಕಾಲಿಟ್ಟಿತ್ತು. ಕಿಟಕಿಯ ಪಡಿಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ನಾನು ಲ್ಯಾಟಿನ್ ಕಲಿಸುವ ಶಾಲೆಯಲ್ಲಿ ಮಕ್ಕಳು ಕಾರಣವಿಲ್ಲದೆ ಅಳುತ್ತಿದ್ದರು, ಮೇಷ್ಟರುಗಳು ಕಾರಣವಿಲ್ಲದೆ ರೇಗುತ್ತಿದ್ದರು. ಗರೊನ್ ನದಿಯ ನೀರು ಕೂಡ ಹಿಂದಕ್ಕೆ ಹರಿಯುವಂತೆ ಕಾಣುತ್ತಿತ್ತು. ಆ ಗುರುವಾರದ ಸಂಜೆಯೇ ಟೆನಿಸ್ ಕ್ಲಬ್ಬಿನ ಅಧ್ಯಕ್ಷೆ ಮೇಡಂ ಬುಸ್ಕೆ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಯೊಳಗೆ ಬಂದಳು.

"ಗಾಸ್ಪಾರ್, ಇಲ್ಲ ಅನ್ನಬೇಡಿ," ಎಂದು ನನ್ನ ಅಪ್ಪನ ಎದುರು ಕೂತಳು. "ಬರೀ ಐದು ನಿಮಿಷದ ಕೆಲಸ. ಭಾನುವಾರ ರೆಜೀಸ್ ಬರ್ತಾನೆ. ದೊಡ್ಡ ಕೋರ್ಟಿಗೆ ಅವನ ಹೆಸರಿಡ್ತೀವಲ್ಲ, ಅದಕ್ಕೆ ಮುಂಚೆ ಸಣ್ಣದೊಂದು ತಮಾಷೆ. ನೀವು ಗೆರೆ ಪಕ್ಕದ ಕುರ್ಚೀಲಿ ಕೂತ್ಕೋತೀರ. ಚೆಂಡು ಬೀಳುತ್ತೆ. ಅವತ್ತು ಪ್ಯಾರಿಸ್ಸಲ್ಲಿ ಕೂಗಿದ ಹಾಗೇ 'ಔಟ್' ಅಂತ ಕೂಗ್ತೀರ. ರೆಜೀಸ್ ಬಂದು ಅವತ್ತಿನ ಹಾಗೇ ಕಾಲಲ್ಲಿ ಒರೆಸ್ತಾನೆ. ಎಲ್ಲರೂ ನಗ್ತಾರೆ, ನಾನು ಫಲಕದ ಬಟ್ಟೆ ಎಳೀತೀನಿ, ಆಮೇಲೆ ಊಟ."

"ನಗೋದು ಯಾರನ್ನ ನೋಡಿ?" ಎಂದೆ.

"ಅಯ್ಯೋ ಮಿರೇಯ್, ಇಪ್ಪತ್ತಾರು ವರ್ಷ ಆಯ್ತಲ್ಲಮ್ಮ! ನಿಮ್ಮಪ್ಪಂಗೇ ಇಲ್ಲದ ಸಿಟ್ಟು ನಿಂಗ್ಯಾಕೆ?"

ಅಪ್ಪ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ ಪ್ಲಮ್ ಹಣ್ಣೊಂದರಿಂದ ಬೀಜ ಬಿಡಿಸುತ್ತಿದ್ದ. ಬೀಜವನ್ನು ತಟ್ಟೆಯ ಅಂಚಿಗಿಟ್ಟು ಕೇಳಿದ:

"ಯಾವ ಕುರ್ಚಿ?"

"ಏನು?"

"ಪ್ಲಾಸ್ಟಿಕ್ಕಿಂದಾ, ನೇರ ಬೆನ್ನಿರೋ ಮರದ್ದಾ?"

"ಮರದ್ದೇ ತರಿಸೋಣ ಬಿಡಿ."

"ಹಾಗಾದ್ರೆ ಸರಿ," ಎಂದ ಅಪ್ಪ.

ಅವಳು ಹೋದ ಮೇಲೆ ನಾನು ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.

ರೆಜೀಸ್ ಲಬೋರ್ದ್ ನಮ್ಮೂರಿನವನು. ಟ್ರ್ಯಾಕ್ಟರ್ ರಿಪೇರಿ ಮಾಡುವವನ ಮಗ. ಹದಿನಾಲ್ಕು ವರ್ಷ ವೃತ್ತಿಪರ ಟೆನಿಸ್ ಆಡಿ ಎರಡು ಸಣ್ಣ ಪಂದ್ಯಾವಳಿ ಗೆದ್ದ. ಜಗತ್ತಿನ ಪಟ್ಟಿಯಲ್ಲಿ ಒಂದು ವಾರದ ಮಟ್ಟಿಗೆ ಹದಿನೇಳನೆಯವನಾಗಿದ್ದ. ಅಷ್ಟಕ್ಕೆ ಯಾರನ್ನೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ರೆಜೀಸನನ್ನು ದೇಶವೇ ನೆನಪಿಟ್ಟುಕೊಂಡಿತು. ಆಟ ಬಿಟ್ಟು ಹದಿನೈದು ವರ್ಷವಾದ ಮೇಲೂ ಬಾಟಲಿ ನೀರಿನ ಜಾಹೀರಾತಿನಲ್ಲಿ ಅವನಿದ್ದ, ಶನಿವಾರದ ಟಿವಿ ಕಾರ್ಯಕ್ರಮದಲ್ಲಿ ಅವನಿದ್ದ. ಬೇಕರಿಯವರು ಅವನಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಸಂತೆಯಲ್ಲಿ ಮುದುಕಿಯರು ಅವನ ಕೆನ್ನೆ ಹಿಡಿದು "ನೀನಲ್ವೇನಪ್ಪಾ ಅದು!" ಎನ್ನುತ್ತಿದ್ದರು. ಅವನಿಗಿಂತ ಹೆಚ್ಚು ಗೆದ್ದವರ ಹೆಸರು ಕೇಳಿದರೆ ಅದೇ ಮುದುಕಿಯರು ತಲೆ ಕೆರೆದುಕೊಳ್ಳುತ್ತಿದ್ದರು.

ಕಾರಣ ಒಂದೇ ಒಂದು ಪಾಯಿಂಟು.

ನಮ್ಮ ಕಡೆಯ ಟೆನಿಸ್ ಅಂಗಳಗಳು ಇಟ್ಟಿಗೆ ಪುಡಿಯವು. ಬಿದ್ದ ಚೆಂಡು ಕೆಂಪು ಪುಡಿಯ ಮೇಲೆ ತನ್ನ ಗುರುತು ಬಿಟ್ಟುಹೋಗುತ್ತದೆ. ಜಗಳವಾದರೆ ಎಲ್ಲರೂ ಹೋಗಿ ಆ ಗುರುತನ್ನು ನೋಡುತ್ತಾರೆ. ತನ್ನ ಕಡೆ ಬಿದ್ದ ಚೆಂಡು ಒಳಗಿತ್ತು ಎಂದು ಆಟಗಾರನಿಗೆ ಅನ್ನಿಸಿದರೆ ಅವನು ಮಾತಾಡಬೇಕಿಲ್ಲ, ಗುರುತನ್ನು ಕಾಲಿನಿಂದ ಒರೆಸಿದರೆ ಸಾಕು. ಪಾಯಿಂಟ್ ಎದುರಾಳಿಯದು ಎಂದು ಒಪ್ಪಿದ ಹಾಗೆ. ಒರೆಸಿದ ಮೇಲೆ ಯಾರೂ ಏನನ್ನೂ ಕೇಳುವುದಿಲ್ಲ. ಕೇಳಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಆ ವರ್ಷ ಪ್ಯಾರಿಸ್ಸಿನ ದೊಡ್ಡ ಪಂದ್ಯಾವಳಿಯ ಕ್ವಾರ್ಟರ್ ಫೈನಲ್‌ನಲ್ಲಿ, ಐದನೆಯ ಸೆಟ್ಟಿನ ಕೊನೆಯಲ್ಲಿ, ರೆಜೀಸ್ ಗೆಲುವಿಗೆ ಒಂದೇ ಪಾಯಿಂಟಿನಷ್ಟು ದೂರವಿದ್ದ. ಅರ್ಜೆಂಟೀನಾದ ಎದುರಾಳಿ ಹೊಡೆದ ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ರೆಜೀಸ್ ಅದನ್ನು ಬಿಟ್ಟುಬಿಟ್ಟ. ಗೆರೆಯ ನೇರಕ್ಕೆ ಕುರ್ಚಿ ಹಾಕಿಕೊಂಡು ಕೂತಿದ್ದ ಗೆರೆ ನೋಡುವವನು ತೋಳು ಚಾಚಿ "ಔಟ್" ಎಂದು ಕೂಗಿದ. ಪಂದ್ಯ ಮುಗಿದಿತ್ತು. ಹದಿನೈದು ಸಾವಿರ ಜನ ಎದ್ದು ನಿಂತಿದ್ದರು. ರೆಜೀಸ್ ಮಾತ್ರ ಗುರುತಿನ ಹತ್ತಿರ ಹೋದ, ಬಗ್ಗಿ ನೋಡಿದ, ಬಲಗಾಲಿನಿಂದ ಒರೆಸಿ ಕೈ ಎತ್ತಿದ. ಚೆಂಡು ಒಳಗಿತ್ತು ಎಂದು. ಆಮೇಲೆ ಎದ್ದಂಥ ಗದ್ದಲ ಆ ಅಂಗಳದಲ್ಲಿ ಅದುವರೆಗೆ ಎದ್ದಿರಲಿಲ್ಲವಂತೆ. ಆಟ ಮುಂದುವರಿಯಿತು. ಇಪ್ಪತ್ತು ನಿಮಿಷದಲ್ಲಿ ಅವನು ಸೋತ. ದೇಶ ಅವನನ್ನು ಎತ್ತಿಕೊಂಡಿತು.

ಆ ಗೆರೆ ನೋಡುವವನು ನನ್ನ ಅಪ್ಪ, ಗಾಸ್ಪಾರ್ ಸೆಂತನಾಕ್.

ಅಪ್ಪ ಆ ಕೆಲಸಕ್ಕೆ ಪ್ರತಿ ವರ್ಷ ರಜೆ ಹಾಕಿ ಹೋಗುತ್ತಿದ್ದ. ಹೊಟ್ಟೆಪಾಡಿಗೆ ಅವನು ಭೂಮಾಪಕ, ಹೊಲಗಳ ಗಡಿ ಗುರುತಿಸುವವನು. ತನ್ನ ಊರಿನ ಆಟಗಾರನ ಪಂದ್ಯದಲ್ಲಿ ಯಾರೂ ಕೂರುವಂತಿಲ್ಲ. ಆ ದಿನ ಇನ್ನೊಬ್ಬರಿಗೆ ಬಿಸಿಲು ಬಡಿದು ಅಪ್ಪನನ್ನು ಕರೆದಾಗ ಅವನು ಅದನ್ನು ಹೇಳಿಯೂ ಇದ್ದ. ಮೇಲಿನವರು "ಬೇರೆ ಯಾರೂ ಇಲ್ಲ, ಕೂತ್ಕೊಳ್ಳಿ" ಎಂದರು. ಮರುದಿನದ ಪತ್ರಿಕೆಗಳಲ್ಲಿ ಆ ಮಾತು ಬರಲಿಲ್ಲ. ಊರಿನ ಹುಡುಗನಿಗಾಗಿ ಸುಳ್ಳು ಕೂಗಿದ ಮುದುಕ, ಆ ಭಿಕ್ಷೆಯನ್ನು ಒದ್ದ ಹುಡುಗ, ಇಷ್ಟೇ ಬಂತು. ಅಪ್ಪನಿಗೆ ಆಗ ಐವತ್ತೈದು. ತನ್ನನ್ನು ಮುದುಕ ಎಂದು ಕರೆದದ್ದನ್ನು ಅವನು ಮೊದಲ ಸಲ ಓದಿದ್ದು ಅಂದೇ.

ಮುಂದಿನ ವರ್ಷದಿಂದ ಪ್ಯಾರಿಸ್ಸಿನಿಂದ ಕರೆಯ ಪತ್ರ ಬರಲಿಲ್ಲ. ಗಡಿ ಅಳೆಯಲು ಹೋದರೆ ರೈತರು "ಗಾಸ್ಪಾರ್, ನಿನ್ನ ಕಣ್ಣಲ್ಲಿ ನೋಡಿದ್ರೆ ನನ್ನ ಹೊಲ ನದಿ ಆಚೆಗೂ ಇದೆ ಬಿಡು" ಎನ್ನುತ್ತಿದ್ದರು. ಕ್ಲಬ್ಬಿನ ಬಾರಿನಲ್ಲಿ ಯಾರಾದರೊಬ್ಬರು ಪಾಸ್ತೀಸ್ ಮದ್ಯ ತುಂಬಿದ ಗ್ಲಾಸನ್ನು ಮೇಜಿನ ಅಂಚಿಗಿಟ್ಟು "ಇದು ಒಳಗಿದೆಯೋ ಹೊರಗಿದೆಯೋ, ಗಾಸ್ಪಾರ್?" ಎಂದು ಕೇಳದ ವಾರವಿರಲಿಲ್ಲ. ಅದೇ ಬಾರಿನ ಗೋಡೆಯಲ್ಲಿ ಆ ಪ್ರಸಿದ್ಧ ಫೋಟೋ: ಮುಂದೆ ರೆಜೀಸನ ಬಲ ಬೂಟು, ಏಳುತ್ತಿರುವ ಕೆಂಪು ಧೂಳು. ಹಿಂದೆ ಮಸುಕಾಗಿ ಒಂದು ಕುರ್ಚಿ, ಇನ್ನೂ ಚಾಚಿಯೇ ಇರುವ ಒಂದು ತೋಳು.

ಅಪ್ಪ ಯಾರಿಗೂ ಉತ್ತರ ಕೊಡಲಿಲ್ಲ. ನಿವೃತ್ತನಾದ ಮೇಲೆ ಕ್ಲಬ್ಬಿನ ಅಂಗಳಗಳನ್ನು ನೋಡಿಕೊಳ್ಳತೊಡಗಿದ. ಬೆಳಿಗ್ಗೆ ನೀರು ಹಾಕುವುದು, ಉರುಳೆ ಎಳೆಯುವುದು, ಗೆರೆಗಳನ್ನು ಗುಡಿಸುವುದು. ನಾನೂ ಅವನನ್ನು ಕೇಳಲಿಲ್ಲ. ಆಗ ನನಗೆ ಹತ್ತೊಂಬತ್ತು, ತುಲೂಸ್‌ನಲ್ಲಿ ಓದುತ್ತಿದ್ದೆ. ಹಾಸ್ಟೆಲ್ಲಿನ ಟಿವಿಯಲ್ಲಿ ಪಂದ್ಯ ನೋಡುತ್ತ ಎಲ್ಲರ ಜೊತೆ ನಾನೂ ಎದ್ದು ರೆಜೀಸನಿಗೆ ಚಪ್ಪಾಳೆ ತಟ್ಟಿದ್ದೆ. ಕುರ್ಚಿಯಲ್ಲಿದ್ದವನು ಯಾರೆಂದು ತಿಳಿದದ್ದು ಆಮೇಲೆ. ಅಂದಿನಿಂದ ಒಂದು ಪ್ರಶ್ನೆ ನನ್ನೊಳಗೆ ಕೂತಿದೆ: ಅಪ್ಪ ಅಂದು ಕಂಡದ್ದನ್ನು ಕೂಗಿದನೋ, ಬಯಸಿದ್ದನ್ನು ಕೂಗಿದನೋ? ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ, ಇಪ್ಪತ್ತಾರು ವರ್ಷ ನಾವು ಆ ಪ್ರಶ್ನೆಯನ್ನು ಉಪ್ಪಿನ ಡಬ್ಬಿಯಂತೆ ಆಚೀಚೆ ಸರಿಸುತ್ತ ಉಂಡೆವು.

ಭಾನುವಾರ ಬೆಳಿಗ್ಗೆ ನಾನು ಎದ್ದಾಗ ಅಪ್ಪ ಆಗಲೇ ಕ್ಲಬ್ಬಿಗೆ ಹೋಗಿದ್ದ. ಬಾಗಿಲ ಹಿಂದಿನ ಮೊಳೆಯಲ್ಲಿ ಅವನ ಹಳೆಯ ಹಸಿರು ಕೋಟು ಇಸ್ತ್ರಿಯಾಗಿ ತೂಗುತ್ತಿತ್ತು, ಪ್ಯಾರಿಸ್ಸಿಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು. ಅದನ್ನು ನೋಡಿದ ಮೇಲೆ ಕಾಫಿಯನ್ನು ಹಾಗೇ ಬಿಟ್ಟೆ. ಸೈಕಲ್ ತೆಗೆದುಕೊಂಡು ಗಾಳಿಗೆ ಎದುರಾಗಿ ಹೊರಟೆ. ರೆಜೀಸನನ್ನು ಕಂಡು, ಈ ತಮಾಷೆ ಬೇಡ ಎಂದು ಹೇಳುವುದಷ್ಟೇ ನನ್ನ ಉದ್ದೇಶವಾಗಿತ್ತು.

ಅವನು ಕ್ಲಬ್ಬಿನ ಹಿಂದಿನ ಮೂರನೆಯ ಅಂಗಳದಲ್ಲಿ, ಪಾಪ್ಲರ್ ಮರಗಳ ಸಾಲಿನ ಕೆಳಗೆ, ಒಬ್ಬನೇ ಸರ್ವ್ ಹೊಡೆಯುತ್ತಿದ್ದ. ಬುಟ್ಟಿ ತುಂಬ ಚೆಂಡು. ಹೊಡೆದ ಚೆಂಡುಗಳೆಲ್ಲ ಗಾಳಿಗೆ ಸಿಕ್ಕಿ ಬೇಲಿಯ ಒಂದೇ ಮೂಲೆಯಲ್ಲಿ ಗುಡ್ಡೆಯಾಗಿದ್ದವು. ಐವತ್ತರ ಮೈ, ಮಂಡಿಗೆ ಪಟ್ಟಿ. ನನ್ನನ್ನು ಕಂಡೊಡನೆ ಟಿವಿಯ ನಗು ಮುಖಕ್ಕೆ ಬಂತು. ನಾನು ಯಾರೆಂದು ಹೇಳಿದೆ. ನಗು ಹೋಯಿತು.

"ನಿಮ್ಮಪ್ಪ ಕಳಿಸಿದ್ರಾ?"

"ಇಲ್ಲ. ಅವನು ಕೋಟು ಇಸ್ತ್ರಿ ಮಾಡ್ಕೊಂಡಿದ್ದಾನೆ."

ಅವನು ಇನ್ನೊಂದು ಚೆಂಡು ತೆಗೆದುಕೊಂಡು ನೆಲಕ್ಕೆ ಬಡಿಯತೊಡಗಿದ. ನಾಲ್ಕು ಸಲ, ಐದು ಸಲ, ಹನ್ನೆರಡು ಸಲ. ಹೊಡೆಯಲಿಲ್ಲ.

"ಬೆಳಿಗ್ಗೆ ಬಂದಾಗ ಅಲ್ಲಿ ನೀರು ಹಾಕ್ತಿದ್ರು," ಎಂದ. "ನಾನು ಬೊಂಜೂರ್ ಅಂದೆ. ಅವರೂ ಅಂದ್ರು. 'ಮೂರನೇದ್ರಲ್ಲಿ ಆಡು, ಅಲ್ಲಿ ಗಾಳಿ ಸ್ವಲ್ಪ ಕಮ್ಮಿ' ಅಂದ್ರು. ಅಷ್ಟೇ. ಯಾವಾಗ ಊರಿಗೆ ಬಂದ್ರೂ ಅಷ್ಟೇ ಅವರದ್ದು. ಒಂದ್ಸಲ ಬೈದಿದ್ರೆ ಆಗ್ತಿತ್ತು. ಅವರು ಬೈದೇ ಇರೋದಕ್ಕೇ ನಾನು ಇಲ್ಲಿಗೆ ಬರೋದು ಬಿಟ್ಟೆ, ಗೊತ್ತಾ?"

"ಬೈಯೋದಕ್ಕೆ ಏನಿದೆ?" ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು. "ಒಳಗಿದ್ದ ಚೆಂಡನ್ನ ಅವನು ಔಟ್ ಅಂದ. ನೀವು ಒರೆಸಿದ್ರಿ."

ರೆಜೀಸ್ ಚೆಂಡನ್ನು ಜೇಬಿಗೆ ಹಾಕಿ ಅಂಗಳದ ಹಿಂದಿನ ಗೆರೆಯವರೆಗೆ ನಡೆದ, ವಾಪಸ್ ಬಂದ, ಮತ್ತೆ ಹೋದ. ನಾನು ಅವನ ಜೊತೆ ನಡೆಯಬೇಕಾಯಿತು.

"ಅಲ್ಲಿ ಎರಡು ಗುರುತಿತ್ತು," ಎಂದ.

ಗೆರೆಯ ಕಡೆ ಬೆರಳು ತೋರಿಸಿದ.

"ನಾನು ಮೊದ್ಲು ನೋಡಿದ್ದು ಗೆರೆ ಮುಟ್ಟಿದ್ದನ್ನ. ಅದು ಹಳೇದು, ಎರಡು ಪಾಯಿಂಟ್ ಹಿಂದೆ ಬಿದ್ದಿದ್ದು. ಆಗ ತಲೇಲಿ ಏನೂ ಇರ್ಲಿಲ್ಲ, ಕಿವೀಲಿ ಬರೀ ಜನ. ನೋಡ್ದೆ, ಒಳಗಿದೆ ಅನ್ನಿಸ್ತು, ಒರೆಸ್ದೆ. ಪ್ರಾಮಾಣಿಕವಾಗೇ ಒರೆಸ್ದೆ, ಅದನ್ನ ನೀವು ನಂಬಬೇಕು. ಕೈ ಎತ್ತಿದೆ. ಆಮೇಲೆ ತಿರುಗೋವಾಗ ಪಕ್ಕದಲ್ಲಿ ಇನ್ನೊಂದು ಕಾಣಿಸ್ತು. ಹೊಸದು. ಚೆನ್ನಾಗಿ ಅಚ್ಚೊತ್ತಿದ ಹಾಗೆ. ಗೆರೆಗೂ ಅದಕ್ಕೂ ಮಧ್ಯ ಇಷ್ಟು ಕೆಂಪು." ಅವನು ಕಿರುಬೆರಳು ತೋರಿಸಿದ. "ಚೆಂಡು ಹೊರಗೇ ಇತ್ತು. ನಾನು ಗೆದ್ದಿದ್ದೆ. ನಿಮ್ಮಪ್ಪ ಸರಿಯಾಗೇ ಕೂಗಿದ್ರು."

ಪಾಪ್ಲರ್ ಮರಗಳು ಒಟ್ಟಿಗೆ ಒಂದು ಕಡೆ ಬಾಗಿ ಎದ್ದವು. ನನ್ನ ಕೈ ಬೇಲಿಯ ತಂತಿಯನ್ನು ಹಿಡಿದಿತ್ತು.

"ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು. ಅಂಪೈರ್ ಇನ್ನೂ ತನ್ನ ಎತ್ತರದ ಕುರ್ಚಿಯಿಂದ ಇಳಿದಿರ್ಲಿಲ್ಲ. ಆದ್ರೆ ಅಷ್ಟರಲ್ಲಿ ಅವರು ಶುರು ಮಾಡಿಬಿಟ್ರು. ಹದಿನೈದು ಸಾವಿರ ಜನ. ಗೆದ್ದಾಗ ಹೊಡೆಯೋ ಚಪ್ಪಾಳೆ ಅಲ್ಲ ಅದು, ಬೇರೆ. ಹತ್ತು ವರ್ಷದ ಹುಡುಗನಾದಾಗಿಂದ ರಾಕೆಟ್ ಹಿಡ್ದಿದ್ದೆ, ಒಬ್ರೂ ನನ್ನನ್ನ ಹಾಗೆ ನೋಡಿರ್ಲಿಲ್ಲ. ನಾನು..." ಅವನು ನಿಂತ. ಎಡಗಾಲನ್ನು ಸ್ವಲ್ಪ ಎತ್ತಿ ನೆಲದ ಮೇಲೆ ಸವರಿದ, ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿಲ್ಲದವನಂತೆ. "ಎಡಗಾಲಲ್ಲಿ ಅದನ್ನೂ ಒರೆಸಿದೆ. ಕ್ಯಾಮೆರಾ ಎಲ್ಲ ನನ್ನ ಬೆನ್ನ ಹಿಂದೆ ಇದ್ವು. ಕಂಡಿದ್ರೆ ಆ ಕುರ್ಚೀಲಿದ್ದ ಒಬ್ಬರಿಗೇ ಕಂಡಿರಬೇಕು."

ಇಪ್ಪತ್ತಾರು ವರ್ಷ. ನನಗೆ ಸಂತೋಷವಾಗಬೇಕಿತ್ತು. ಬದಲಿಗೆ, ಒಂದು ಸಲವಾದರೂ ಅಪ್ಪನನ್ನು ಕೇಳಿದ್ದರೆ ಎಂಬ ಯೋಚನೆಯೇ ಬಂತು.

"ಇವತ್ತು ಹೇಳಿ," ಎಂದೆ. "ಎಲ್ಲರ ಮುಂದೆ. ಅವನು ಕೂಗಿದ ಮೇಲೆ ನೀವು ಒರೆಸಬೇಡಿ. ನಿಜ ಹೇಳಿ."

"ಹೇಳಿದ್ರೆ ನನ್ನ ಹತ್ತಿರ ಏನು ಉಳಿಯುತ್ತೆ, ಮಾದಾಮ್? ಎರಡು ಸಣ್ಣ ಟ್ರೋಫಿ, ಒಂದು ಮಂಡಿ ನೋವು. ಮಿಕ್ಕಿದ್ದೆಲ್ಲ ಆ ಬಲಗಾಲು ಕೊಟ್ಟಿದ್ದು."

"ಅವನಿಗೆ ಎಂಬತ್ತೊಂದು."

ರೆಜೀಸ್ ಬೇಲಿಯ ಮೂಲೆಗೆ ಹೋಗಿ ಚೆಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಬುಟ್ಟಿಗೆ ಹಾಕಿದಷ್ಟನ್ನೂ ಗಾಳಿ ಉರುಳಿಸುತ್ತಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಊರಿಗೆ ಊರೇ ದೊಡ್ಡ ಅಂಗಳದ ಸುತ್ತ ಸೇರಿತ್ತು. ಬಾರಿನ ಪಕ್ಕದಲ್ಲಿ ಬಾತುಕೋಳಿಯ ಗುಂಡಿಗೆಗಳನ್ನು ಕಡ್ಡಿಗೆ ಚುಚ್ಚಿ ಸುಡುತ್ತಿದ್ದರು, ಹೊಗೆ ನೇರ ಜನರ ಕಣ್ಣಿಗೆ ಬರುತ್ತಿತ್ತು. ಮೇಯರರ ಟೋಪಿ ಹಾರಿ ನೆಟ್ಟಿಗೆ ಸಿಕ್ಕಿಕೊಂಡಾಗ ಬೇಕರಿಯ ಕಾಸ್ತೆ "ನೆಟ್ ಬಾಲು! ಇನ್ನೊಂದ್ಸಲ ಹಾಕಿ ಸ್ವಾಮಿ!" ಎಂದು ಕೂಗಿದ. ಅಪ್ಪ ಅಷ್ಟೊತ್ತಿಗೆ ಮೂರು ಸಲ ನೀರು ಹಾಕಿದ್ದ. ಆದರೂ ಪುಡಿ ಒಣಗಿ ಏಳುತ್ತಿತ್ತು.

ಅವನು ಹಸಿರು ಕೋಟು ಹಾಕಿಕೊಂಡು ಮರದ ಕುರ್ಚಿಯಲ್ಲಿ ಕೂತಿದ್ದ. ಬೆನ್ನು ನೇರ, ಎರಡೂ ಅಂಗೈ ಮಂಡಿಯ ಮೇಲೆ, ಕಣ್ಣು ಗೆರೆಯ ಮೇಲೆ. ಕೂತ ಗಳಿಗೆಯಿಂದ ಅವನು ಬೇರೆ ಏನನ್ನೂ ನೋಡಲಿಲ್ಲ. ನಾನು ಅವನ ಹಿಂದಿನ ಬೇಲಿಯ ಬಳಿ ನಿಂತೆ, ಕೂರಲಾಗಲಿಲ್ಲ.

"ಗಾಸ್ಪಾರ್, ಕನ್ನಡಕ ತಂದಿದೀಯ ತಾನೇ?" ಯಾರೋ ಕೂಗಿದರು.

"ಕನ್ನಡಕ ಯಾಕೋ? ಅವನು ಚೆಂಡು ಬೀಳೋಕ್ ಮುಂಚೇನೇ ಔಟ್ ಅನ್ನೋನು!" ಎಂದ ಕಾಸ್ತೆ. ಜನ ನಕ್ಕರು. ಅಪ್ಪನ ಕುತ್ತಿಗೆ ಅಲ್ಲಾಡಲಿಲ್ಲ.

ರೆಜೀಸ್ ಬಂದಾಗ ಎದ್ದ ಕರತಾಡನ ನಿಲ್ಲಲು ಎರಡು ನಿಮಿಷ ಹಿಡಿಯಿತು. ಅವನು ಕೈ ಬೀಸಿದ, ನಕ್ಕ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದ. ಎದುರು ಕಡೆಯಿಂದ ಕ್ಲಬ್ಬಿನ ತರಬೇತುಗಾರ್ತಿ ಚೆಂಡು ಹೊಡೆಯಬೇಕಿತ್ತು, ಗೆರೆಯಿಂದ ಕೊಂಚವೇ ಆಚೆಗೆ. ಮೊದಲನೆಯದು ನೆಟ್ಟಿಗೆ ಬಡಿಯಿತು. ಎರಡನೆಯದನ್ನು ಗಾಳಿ ಎತ್ತಿ ಗುಂಡಿಗೆ ಸುಡುವವರ ಮೇಲೆ ಹಾಕಿತು. "ಅದನ್ನೂ ಸುಟ್ಟುಬಿಡ್ರೋ!" ಎಂದು ಯಾರೋ ಕೂಗಿದರು. ಮೂರನೆಯದು ಸರಿಯಾಗಿ ಬಂತು. ಗೆರೆಯ ಹತ್ತಿರ ಬಿದ್ದು ಧೂಳು ಹಾರಿಸಿ ಹೋಯಿತು.

"ಔಟ್!"

ಎಂಬತ್ತೊಂದು ವರ್ಷದ ಗಂಟಲಿನಿಂದ ಅಂಥ ಸ್ವರ ಬರುತ್ತದೆಂದು ನಾನು ಎಣಿಸಿರಲಿಲ್ಲ. ತೋಳು ಭುಜದ ನೇರಕ್ಕೆ ಚಾಚಿತ್ತು. ಜನ ಗೊಳ್ಳೆಂದು ನಕ್ಕು "ಒರೆಸು! ಒರೆಸು!" ಎಂದು ತಾಳ ಹಾಕತೊಡಗಿದರು. ರೆಜೀಸ್ ಗುರುತಿನ ಹತ್ತಿರ ನಡೆದ. ಬಗ್ಗಿ ನೋಡಿದ. ಬಲಗಾಲು ಮುಂದೆ ಬಂತು. 

ಕಾಲು ಅಲ್ಲೇ ನಿಂತಿತು. ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ.

"ಹೊರಗಿದೆ," ಎಂದ. ಎದೆಗೆ ಸಿಕ್ಕಿಸಿದ್ದ ಮೈಕಿನಲ್ಲಿ ಗಾಳಿ ಗೊರಗುಟ್ಟುತ್ತಿತ್ತು. "ಕೇಳಿ. ಇದು ಹೊರಗಿದೆ. ಅವತ್ತೂ ಹೊರಗೇ ಇತ್ತು. ನಾನು ತಪ್ಪು ಗುರುತು ಒರೆಸಿದೆ. ಮೊಸ್ಯೂ ಸೆಂತನಾಕ್ ಸರಿಯಾಗೇ ಕೂಗಿದ್ರು."

ತಾಳ ನಿಂತಿತು. ಮೇಯರರು ಮೇಡಂ ಬುಸ್ಕೆಯ ಮುಖ ನೋಡಿದರು.  ಆಮೇಲೆ ಅವಳ ಕಣ್ಣು ಒದ್ದೆಯಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ತನ್ನ ಮೈಕಿನಲ್ಲಿ ಹೇಳಿದಳು:

"ನೋಡಿದ್ರಾ? ನೋಡಿದ್ರಾ ನಮ್ಮ ರೆಜೀಸನ್ನ? ಇಷ್ಟು ವರ್ಷ ಆದ್ಮೇಲೆ, ವಯಸ್ಸಾದೋರ ಮನಸ್ಸಿಗೆ ನೋವಾಗಬಾರದು ಅಂತ, ಅವತ್ತು ಪಾಯಿಂಟು ಬಿಟ್ಟುಕೊಟ್ಟ ಹಾಗೇ ಇವತ್ತು ತನ್ನ ಹೆಸರನ್ನೂ ಬಿಟ್ಟುಕೊಟ್ಟ!"

ಅಂಗಳದ ಸುತ್ತ ಜನ ಎದ್ದು ನಿಂತರು.

"ಇಲ್ಲ, ಇಲ್ಲ, ಕೇಳಿ," ಎಂದ ರೆಜೀಸ್, "ನಿಜವಾಗ್ಲೂ. ಅಲ್ಲಿ ಎರಡು ಗುರುತಿತ್ತು. ನಾನು ಗೊತ್ತಿದ್ದೂ..."

ಅವನು ಹೇಳಿದಷ್ಟೂ ಚಪ್ಪಾಳೆ ಜೋರಾಯಿತು. ನನ್ನ ಪಕ್ಕದ ಹೆಂಗಸೊಬ್ಬಳು ಬಿಕ್ಕುತ್ತ "ಎಂಥಾ ಮನುಷ್ಯ, ಎಂಥಾ ಮನುಷ್ಯ" ಎನ್ನುತ್ತಿದ್ದಳು. ಕಾಸ್ತೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ರೆಜೀಸ್ ಸುತ್ತ ನೋಡಿದ. ಹುಟ್ಟಿದಾಗಿನಿಂದ ತನ್ನನ್ನು ಬಲ್ಲ ಇನ್ನೂರು ಮುಖಗಳು ಅವನನ್ನೇ ನೋಡುತ್ತಿದ್ದವು. ಒಂದಕ್ಕೂ ಅವನ ಮಾತು ಕೇಳಿಸಿರಲಿಲ್ಲ. ಸಿಕ್ಕಿಬಿದ್ದವನ ಮುಖವೆಂದರೆ ಏನೆಂದು ನಾನು ಅಂದು ನೋಡಿದೆ.

ಆಗ ಅಪ್ಪ ಕುರ್ಚಿಯಿಂದ ಎದ್ದ. ಆಟ ನಡೆಯುವಾಗ ಗೆರೆ ನೋಡುವವರು ಏಳುವಂತಿಲ್ಲ. ಅವನು ಎದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಿಧಾನವಾಗಿ ಗುರುತಿನ ಬಳಿಗೆ ಹೋದ. ಕೋಟಿನ ಒಳಜೇಬಿನಿಂದ ಮಡಚುವ ಮರದ ಅಳತೆಪಟ್ಟಿ ತೆಗೆದು, ಒಂದು ಮಂಡಿಯೂರಿ, ಗೆರೆಯಿಂದ ಗುರುತಿನವರೆಗೆ ಹಿಡಿದ. ರೆಜೀಸ್ ತನ್ನ ಮೈಕನ್ನು ಕಿತ್ತು ಜೇಬಿಗೆ ಹಾಕಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಜನಕ್ಕೆ ಅದೂ ತಮಾಷೆಯ ಭಾಗವೆನ್ನಿಸಿ ಇನ್ನಷ್ಟು ನಕ್ಕರು. ನಾನು ಬೇಲಿಯ ಸಣ್ಣ ಬಾಗಿಲು ತೆರೆದು ಒಳಗೆ ಹೋಗಿದ್ದೆ. ಆದ್ದರಿಂದ ನನಗೆ ಕೇಳಿಸಿತು.

"ಮೂರು ಸೆಂಟಿಮೀಟರ್," ಎಂದ ಅಪ್ಪ. "ಅವತ್ತು ಇದಕ್ಕಿಂತ ಹತ್ತಿರ ಇತ್ತು."

"ಒಂದೂವರೆ," ಎಂದ ರೆಜೀಸ್.

"ಒಂದೂಕಾಲು."

"ಒಂದೂಕಾಲು. ಹೌದು."

"ಎಡಗಾಲಲ್ಲಿ ಒರೆಸಿದೆ ನೀನು," ಎಂದ ಅಪ್ಪ.

"ಎಡಗಾಲಲ್ಲಿ."

ಅಪ್ಪ ಪಟ್ಟಿ ಮಡಚಿದ. ಏಳಲು ಕೈ ಚಾಚಿದ. ರೆಜೀಸ್ ಹಿಡಿದು ಎಬ್ಬಿಸಿದ. ಅಷ್ಟರಲ್ಲಿ ಒಂದು ಸುಳಿಗಾಳಿ ಬಂದು ಗುರುತಿನ ಅರ್ಧವನ್ನು ಎತ್ತಿಕೊಂಡು ಹೋಯಿತು. ಮೇಡಂ ಬುಸ್ಕೆ ಫಲಕದ ಬಟ್ಟೆ ಎಳೆದಳು. ಅದು ಬರಲಿಲ್ಲ, ಹಗ್ಗ ಸುತ್ತಿಕೊಂಡಿತ್ತು. ಕಾಸ್ತೆ ಏಣಿ ತರಲು ಓಡಿದ.

ಸಂಜೆ ಬಾರಿನಲ್ಲಿ ಎಲ್ಲರೂ ನನ್ನ ಭುಜ ತಟ್ಟಿದರು. "ನಿಮ್ಮಪ್ಪ ಪುಣ್ಯವಂತ ಕಣೆ ಮಿರೇಯ್," ಎಂದ ಕಾಸ್ತೆ, ಗ್ಲಾಸೊಂದನ್ನು ನನ್ನ ಕಡೆ ತಳ್ಳುತ್ತ. "ಕೊನೆಗೂ ಅವನು ಕ್ಷಮಿಸಿಬಿಟ್ಟ."

"ಯಾರು ಯಾರನ್ನ?" ಎಂದೆ.

"ಇನ್ಯಾರು! ರೆಜೀಸು, ನಿಮ್ಮಪ್ಪನ್ನ."

ನಾನು ಎಲ್ಲವನ್ನೂ ಹೇಳಿದೆ. ಎರಡು ಗುರುತು, ಎಡಗಾಲು, ಒಂದೂಕಾಲು ಸೆಂಟಿಮೀಟರು. ಕಾಸ್ತೆ ತಲೆಯಾಡಿಸುತ್ತ ಕೇಳಿದ. ಕೇಳಿ ಮುಗಿಸಿ, ಮಗಳೆಂದರೆ ಹೀಗಿರಬೇಕು ಎಂದು ನನ್ನ ಕೆನ್ನೆ ಸವರಿದ.

ಸೋಮವಾರದ ಪತ್ರಿಕೆಯಲ್ಲಿ ರೆಜೀಸನ ಫೋಟೋ ಬಂತು, ಮುದುಕನೊಬ್ಬನನ್ನು ಕೈಹಿಡಿದು ಎಬ್ಬಿಸುತ್ತಿರುವುದು. ಕೆಳಗಿನ ಸಾಲುಗಳನ್ನು ನಾನು ಜೋರಾಗಿ ಓದಲಿಲ್ಲ. ಅಪ್ಪನೂ ಕೇಳಲಿಲ್ಲ. ಬದಲಿಗೆ ನಾನೇ ಕೇಳಿದೆ, ಕೊನೆಗೂ:

"ಯಾಕೆ ಪಪ್ಪ ನೀನು ಒಂದ್ಸಲಾನೂ ಹೇಳ್ಲಿಲ್ಲ?"

ಅವನು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ನಲ್ಲ. ಔಟ್ ಅಂದೆ. ಆ ಕುರ್ಚೀಲಿ ಅದಕ್ಕಿಂತ ಹೆಚ್ಚು ಮಾತಿಗೆ ಜಾಗ ಇಲ್ಲ."

"ನಂಗಾದ್ರೂ ಹೇಳಬಹುದಿತ್ತು."

"ನೀನು ಕೇಳ್ಲಿಲ್ಲ," ಎಂದ. ಆಕ್ಷೇಪದ ಸ್ವರವಲ್ಲ ಅದು. ಅಳತೆಯನ್ನು ಓದಿ ಹೇಳುವಾಗಿನ ಸ್ವರ.

ಅಷ್ಟರಲ್ಲಿ ಫೋನ್ ಬಂತು. ರೆಜೀಸ್. ಪತ್ರಿಕೆಗೆ ಬರೆಯುತ್ತೇನೆ, ಟಿವಿಯಲ್ಲಿ ಹೇಳುತ್ತೇನೆ, ನೀವು ಜೊತೆಗೆ ಬನ್ನಿ ಎಂದು ಉಸಿರು ಬಿಡದೆ ಹೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಅವನು ಫೋನ್ ಹಿಡಿದು ನಡೆಯುತ್ತಲೇ ಇದ್ದಿರಬೇಕು, ಹೆಜ್ಜೆಗಳು ಕೇಳುತ್ತಿದ್ದವು.

"ಬೇಡ ಕಣಯ್ಯ," ಎಂದ ಅಪ್ಪ. "ನೀನು ಹೇಳಿದಷ್ಟೂ ಅವರು ಚಪ್ಪಾಳೆ ಹೊಡೀತಾರೆ. ಗುರುವಾರ ಬಿಡುವಿದ್ಯಾ? ಈ ಗಾಳಿಗೆ ಎರಡನೇ ಕೋರ್ಟಿನ ಗೆರೆಪಟ್ಟಿ ಎದ್ದುಬಿಟ್ಟಿದೆ. ಹೊಸದಾಗಿ ಮೊಳೆ ಹೊಡೀಬೇಕು. ಒಬ್ಬನ ಕೈಲಿ ಆಗಲ್ಲ."

ಗುರುವಾರ ಗಾಳಿ ನಿಂತಿರಲಿಲ್ಲ. ಅದು ಒಂಬತ್ತನ್ನೂ ದಾಟಿ ಮುಂದುವರಿದಿತ್ತು. ಶಾಲೆ ಬಿಟ್ಟ ಮೇಲೆ ನಾನು ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿದೆ. ಒಳಗೆ ಹೋಗಲಿಲ್ಲ. ಹೊರಟುಬಿಡಲೂ ಆಗಲಿಲ್ಲ. ರೆಜೀಸ್ ಹಿಂದಿನ ಗೆರೆಯ ಒಂದು ತುದಿಯಲ್ಲಿ ನೋಯುವ ಮಂಡಿಯನ್ನು ಗೋಣಿಚೀಲದ ಮೇಲೆ ಊರಿ, ಗೆರೆ ನೇರ ಬರಲೆಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದಿದ್ದ. ಬಾಯಲ್ಲಿ ನಾಲ್ಕು ಮೊಳೆ. ಇನ್ನೊಂದು ತುದಿಯಲ್ಲಿ ಅಪ್ಪ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ದಾರದುದ್ದಕ್ಕೂ ನೋಡುತ್ತಿದ್ದ. ಗಾಳಿಗೆ ದಾರ ಸಣ್ಣಗೆ ನಡುಗುತ್ತಿತ್ತು.

"ಎಡಕ್ಕೆ," ಎಂದ ಅಪ್ಪ.

ರೆಜೀಸ್ ಕೈ ಸರಿಸಿದ.

"ಇನ್ನೊಂದ್ ಕೂದಲಷ್ಟು."

ಸರಿಸಿದ.

"ಜಾಸ್ತಿ ಆಯ್ತು. ವಾಪಸ್ ಬಾ."